ನಮ್ಮ ತಾರಸಿಗೆ ಬಂದ ಸಮುದ್ರದ ಹವಾಮಾನ

ನನಗೆ ಈಜು ಬರುವುದಿಲ್ಲ. ಸ್ನಾನ ಮಾಡುವಾಗ ತಲೆಯ ಮೇಲೆ ಚೊಂಬಿನಿಂದ ನೀರು ಸುರಿದುಕೊಂಡರೂ ಮೂಗು ಹಿಡಿದುಕೊಳ್ಳುವವನು ನಾನು. ಆದರೂ ದಿನಾ ಬೆಳಿಗ್ಗೆ ಎದ್ದ ಕೂಡಲೇ, ಇನ್ನೂ ಹಲ್ಲುಜ್ಜುವ ಮೊದಲೇ, ಭೂಮಧ್ಯರೇಖೆಯ ಆಚೆಗಿರುವ ಯಾವುದೋ ದ್ವೀಪದ ತುದಿಯಲ್ಲಿ ಇವತ್ತು ಅಲೆಗಳು ಎಷ್ಟು ಎತ್ತರ ಏಳುತ್ತವೆ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಹಲಗೆಯ ಮೇಲೆ ನಿಂತು ಅಲೆಯ ಸವಾರಿ ಮಾಡುವವರಿಗೆ ದಿನ ಹೇಗಿದೆ ಎಂದು ಮೊಬೈಲಿನಲ್ಲಿ ನೋಡುತ್ತೇನೆ. ದೇವರ ಪಟಕ್ಕೆ ಕೈಮುಗಿಯುವುದು ಅದಾದ ಮೇಲೆ. ಅಲೆ ಚೆನ್ನಾಗಿದ್ದ ದಿನ ಸ್ವಲ್ಪ ಹೆಚ್ಚು ಭಕ್ತಿಯಿಂದಲೇ ಮುಗಿಯುತ್ತೇನೆ.

ಈ ಚಟ ಹಚ್ಚಿದವಳು ನನ್ನ ತಮ್ಮನ ಮಗಳು ಸಿಂಧು. ಅವಳು ರಜೆಯಲ್ಲಿ ಕರಾವಳಿಗೆ ಹೋಗಿ ಸರ್ಫಿಂಗ್ ಕಲಿತು ಬರುತ್ತೇನೆಂದು ಹೊರಟಿದ್ದಳು. ಹೋಗುವ ಮೊದಲು ನಮ್ಮ ಮನೆಗೆ ಬಂದವಳು, "ದೊಡ್ಡಪ್ಪ, ನೀವು ಜಾಗ್ರಫಿ ಮೇಷ್ಟ್ರು ಅಲ್ವಾ? ಈ ಆ್ಯಪ್ ನೋಡಿ, ನಿಮಗೆ ಸಖತ್ ಇಷ್ಟ ಆಗತ್ತೆ" ಎಂದು ನನ್ನ ಮೊಬೈಲಿಗೂ ಅದನ್ನು ಹಾಕಿಕೊಟ್ಟಳು. ಅವಳು ಅಲ್ಲಿ ಒಂದು ಬಾಯಿ ಉಪ್ಪುನೀರು ಕುಡಿದು, ಸರ್ಫಿಂಗಿಗೆ ದೊಡ್ಡ ನಮಸ್ಕಾರ ಹಾಕಿ ವಾಪಸ್ಸು ಬಂದಳು. ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆಯಲ್ಲಿ ಕುರ್ಚಿ ಬಿಟ್ಟೇಳದ ನಾನು ಮಾತ್ರ ಅದರಲ್ಲೇ ಮುಳುಗಿಹೋದೆ.

ಅಷ್ಟು ವರ್ಷ ಪಿಯುಸಿ ಮಕ್ಕಳಿಗೆ ಭೂಗೋಳ ಹೇಳಿದವನು ನಾನು. ಆದರೂ 'ಪಾಯಿಂಟ್ ಬ್ರೇಕ್' ಎಂದರೇನೆಂದು ತಿಳಿದದ್ದು ನಿವೃತ್ತಿಯಾದ ಮೇಲೆ. ಸಾಮಾನ್ಯವಾಗಿ ಅಲೆ ಎಂಬುದು ದಡಕ್ಕೆ ಬಂದು ದಬಕ್ಕನೆ ಒಟ್ಟಿಗೇ ಬಿದ್ದುಬಿಡುತ್ತದೆ. ಅದರಲ್ಲಿ ಸವಾರಿಗೆ ಅಂಥ ಸುಖವಿಲ್ಲ. ಆದರೆ ನೆಲ ಮೂಗಿನ ಹಾಗೆ ಸಮುದ್ರಕ್ಕೆ ಚಾಚಿಕೊಂಡಿರುವ ಕಡೆ, ಅಲೆ ಮೊದಲು ಆ ಮೂಗಿನ ತುದಿಗೆ ತಾಗುತ್ತದೆ. ಅಲ್ಲಿಂದ ಒಂದೇ ಪಕ್ಕಕ್ಕೆ ಸುರುಳಿ ಸುರುಳಿಯಾಗಿ ಬಿಚ್ಚುತ್ತಾ ಹೋಗುತ್ತದೆ. ನುರಿತ ಭಟ್ಟರು ಕಾವಲಿಯ ಮೇಲಿನ ದೋಸೆಯನ್ನು ಒಂದು ಅಂಚಿನಿಂದ ಹಿಡಿದು ಇನ್ನೊಂದು ಅಂಚಿನವರೆಗೆ ಒಂದೇ ಸಮನೆ ಎಬ್ಬಿಸಿಕೊಂಡು ಹೋಗುವುದನ್ನು ನೋಡಿದ್ದೀರಲ್ಲ, ಹಾಗೆ. ಅಲೆಗಳು ಒಂದೊಂದಾಗಿ ಬರುವುದಿಲ್ಲವೆಂಬುದೂ ನನಗೆ ಈಚೆಗೆ ಗೊತ್ತಾಯಿತು. ಬಹಳ ಹೊತ್ತು ಏನೂ ಇರುವುದಿಲ್ಲ, ಆಮೇಲೆ ಸಾಲಾಗಿ ನಾಲ್ಕಾರು ಬರುತ್ತವೆ. ಸಿಟಿ ಬಸ್ಸಿಗೆ ಕಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಗಾಳಿ. ಸಮುದ್ರದಿಂದ ನೆಲದ ಕಡೆಗೆ ಬೀಸಿದರೆ ಅಲೆಯ ತಲೆ ಕೆದರುತ್ತದೆ. ನೆಲದಿಂದ ಸಮುದ್ರದ ಕಡೆಗೆ ಬೀಸಿದರೆ ಎಣ್ಣೆ ಹಚ್ಚಿ ಬಾಚಿದಂತೆ ನೀಟಾಗಿ ನಿಲ್ಲುತ್ತದೆ. ನಮ್ಮ ಬೇಸಿಗೆಯೇ ಆ ದ್ವೀಪದ ತುದಿಯಲ್ಲಿ ಅಲೆಗಳ ಸುಗ್ಗಿ. ಹಾಗಾಗಿ ಏಪ್ರಿಲ್ ಮುಗಿಯುತ್ತಿದ್ದಂತೆ ನನ್ನ ಉತ್ಸಾಹವೂ ಏರತೊಡಗಿತು. ಹೊಸಹಳ್ಳಿ ಮೆಟ್ರೋ ಹತ್ತಿರ ತರಕಾರಿ ಕೊಳ್ಳುತ್ತಿದ್ದರೂ ಗಾಳಿ ಬೀಸಿದರೆ ಸಾಕು, 'ಭೇಷ್, ನೆಲದ ಗಾಳಿ' ಎನ್ನುತ್ತಿದ್ದೆ. ನನ್ನ ಹೆಂಡತಿ ವಿಮಲ ಇದನ್ನು ಸಹಿಸಿಕೊಂಡಿದ್ದಳು. ನಿವೃತ್ತರಾದ ಗಂಡಂದಿರಲ್ಲಿ ಕೆಲವರು ಅಡುಗೆಮನೆಯ ಡಬ್ಬಗಳನ್ನು ಮರುಜೋಡಿಸಲು ಹೊರಡುತ್ತಾರಂತೆ. ಅದಕ್ಕಿಂತ ಸಮುದ್ರವೇ ವಾಸಿ ಎಂಬುದು ಅವಳ ಲೆಕ್ಕ.

ಇಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯವಿರಲಿಲ್ಲ. ನಡುವೆ ಒಂದು ಬಟ್ಟಲು ಬಂತು.

ನಮ್ಮ ಮನೆಯ ಓನರು ಚೆನ್ನಮ್ಮನವರು ಮೇಲಿನ ಮಹಡಿಯಲ್ಲಿದ್ದಾರೆ. ಹೊಸಹಳ್ಳಿಯ ಹಳೇ ಒಕ್ಕಲು ಮನೆತನ. ಈಗ ಜನ ಮೆಟ್ರೋ ಹತ್ತುವ ಕಡೆ ಅವರ ಅತ್ತೆ ರಾಗಿ ಕುಯ್ದಿದ್ದರಂತೆ. ಚೆನ್ನಮ್ಮನವರು ಮಾಡುವ ಹುರುಳಿಕಾಳಿನ ಬಸ್ಸಾರಿಗೆ ಸಮ ಎನ್ನುವಂಥದ್ದನ್ನು ನಾನು ಎಲ್ಲಿಯೂ ಉಂಡಿಲ್ಲ. ವಾರಕ್ಕೊಮ್ಮೆಯಾದರೂ ಅದು ಒಂದು ಸ್ಟೀಲಿನ ಬಟ್ಟಲಿನಲ್ಲಿ ಕೆಳಗೆ ಬರುತ್ತಿತ್ತು. ಖಾಲಿ ಪಾತ್ರೆ ಹಿಂದಿರುಗಿಸಬಾರದಲ್ಲ, ಅದಕ್ಕೆ ವಿಮಲ ಪುಳಿಯೋಗರೆಯನ್ನೋ ಕೋಸಂಬರಿಯನ್ನೋ ತುಂಬಿ ಮೇಲೆ ಕಳಿಸುತ್ತಿದ್ದಳು. ಎರಡು ಮಹಡಿಗಳ ನಡುವೆ ಆ ಬಟ್ಟಲು ಸುಖವಾಗಿ ಓಡಾಡಿಕೊಂಡಿತ್ತು.

ಹೋದ ಬೇಸಿಗೆಯಲ್ಲಿ ಜಗಳವಾಯಿತು. ವಿಮಲ ತಾರಸಿಯಲ್ಲಿ ಹಪ್ಪಳ ಒಣಗಿಹಾಕಿದ್ದಳು. ಚೆನ್ನಮ್ಮನವರ ಒದ್ದೆ ಬೆಡ್‌ಶೀಟು ಗಾಳಿಗೆ ತಂತಿಯಿಂದ ಹಾರಿ ಅದರ ಮೇಲೇ ಬಿತ್ತು. ಹಪ್ಪಳ ಹಾಳಾಯಿತೆಂದು ಇವಳು, ಬೆಡ್‌ಶೀಟು ಖಾರವಾಯಿತೆಂದು ಅವರು. ಮಾತಿಗೆ ಮಾತು ಬೆಳೆದು ಕೊನೆಗೆ ಮಾತೇ ನಿಂತಿತು. ನಿಂತ ಹೊತ್ತಿಗೆ ಬಟ್ಟಲು ನಮ್ಮ ಮನೆಯಲ್ಲಿತ್ತು. ಖಾಲಿ ಕಳಿಸುವುದು ಅಪಶಕುನ, ತುಂಬಿ ಕಳಿಸಿದರೆ ಸೋತ ಹಾಗೆ. ಹೀಗಾಗಿ ಅದು ನಮ್ಮ ಅಡುಗೆಮನೆಯ ಶೆಲ್ಫಿನ ಮೇಲೆ ಬೋರಲಾಗಿ ಕೂತುಬಿಟ್ಟಿತು. ನಾನು ನೀರು ಕುಡಿಯಲು ಹೋದಾಗಲೆಲ್ಲ ಅದನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದೆ. ಬಸ್ಸಾರಿಲ್ಲದ ಒಂದು ವರ್ಷ ಎಷ್ಟು ಉದ್ದವೆಂಬುದು ಅನುಭವಿಸಿದವನಿಗೇ ಗೊತ್ತು.

ಈ ಬೇಸಿಗೆಯಲ್ಲಿ ರಾಜಿಯ ಗಾಳಿ ಬೀಸಿತು. ಚೆನ್ನಮ್ಮನವರಿಗೆ ಸಬ್ಬಕ್ಕಿ ಸಂಡಿಗೆ ಬೇಕು, ಆದರೆ ಬಗ್ಗಿ ಹಾಕಲು ಸೊಂಟ ಬಿಡುವುದಿಲ್ಲ. ವಿಮಲಳ ಸೊಂಟ ಗಟ್ಟಿಯಿದೆ, ಆದರೆ ತಾರಸಿಯ ಬೀಗದಕೈ ಚೆನ್ನಮ್ಮನವರ ಹತ್ತಿರ. ಒಂದು ಸಂಜೆ ಗೇಟಿನ ಬಳಿ ಇಬ್ಬರೂ ಎದುರಾದರು. "ಈ ಸಲ ಜೊತೇಲೇ ಹಾಕನ ಕಣಮ್ಮ" ಎಂದು ಅವರೇ ಮೊದಲು ಬಾಯಿಬಿಟ್ಟರು. ವಿಮಲ, "ಆಯ್ತು ಚೆನ್ನಮ್ಮೋರೆ, ನಾಳೆ ಬೆಳಿಗ್ಗೇನೇ ಹಾಕೋಣ" ಎಂದಳು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ನಾಲಿಗೆಯ ಮೇಲೆ ಆಗಲೇ ಹುರುಳಿಕಾಳು ಬೇಯತೊಡಗಿತು.

ಆದರೆ ಸಂಡಿಗೆಗೆ ಬಿಸಿಲು ಬೇಕಲ್ಲ. ಬೆಂಗಳೂರಿನ ಬೇಸಿಗೆಯನ್ನು ನಂಬುವುದು ಹೇಗೆ? ಮರುದಿನ ಕತ್ತಲು ಹರಿಯುವ ಮೊದಲೇ ಎದ್ದು ಸಬ್ಬಕ್ಕಿ ಬೇಯಿಸಲು ನಿಂತ ವಿಮಲ ಒಲೆಯ ಮುಂದಿನಿಂದಲೇ ಕೂಗಿದಳು: "ರೀ, ಇವತ್ತು ಬಿಸಿಲು ಇರತ್ತಾ? ಫೋನ್ ನೋಡಿ ಹೇಳಿ."

ನಾನು ಎಂದಿನಂತೆ ಫೋನ್ ನೋಡುತ್ತಲೇ ಇದ್ದೆ. ಸೂರ್ಯನ ಚಿತ್ರ ಜಾಜ್ವಲ್ಯಮಾನವಾಗಿತ್ತು. ದಿನವಿಡೀ ಶುಭ್ರ, ಮಳೆಯ ಸುಳಿವೇ ಇಲ್ಲ, ಹಿತವಾದ ಒಣ ಗಾಳಿ. "ಹಾಕು ಮಾರಾಯ್ತಿ, ಇಂಥ ದಿನ ಸಿಗಲ್ಲ" ಎಂದು ಘೋಷಿಸಿದೆ. ಬೀಗದಕೈ ಹಿಡಿದು ಇಳಿದುಬಂದ ಚೆನ್ನಮ್ಮನವರು ಇನ್ನೊಮ್ಮೆ ಕೇಳಿದರು: "ಮಳೆಗಿಳೆ ಬಂದಾತಾ ಮೇಷ್ಟ್ರೇ?"

"ಬಂದ್ರೆ ನನ್ನ ಹೆಸರು ಬದಲಾಯಿಸಿ" ಎಂದೆ.

ಬಿಸಿಲೇರುವ ಹೊತ್ತಿಗೆ ತಾರಸಿಯ ತುಂಬ ಪ್ಲಾಸ್ಟಿಕ್ ಹಾಳೆ ಹರಡಿತ್ತು, ಅದರ ಮೇಲೆ ಸೌಟಿನಿಂದ ಹೊಯ್ದ ಸಂಡಿಗೆಗಳು ಹುಣ್ಣಿಮೆಯ ಚಂದ್ರರ ಹಾಗೆ ಮಲಗಿದ್ದವು. ಕಾಗೆ ಕಾಯುವ ಕೆಲಸ ನನ್ನದಾಯಿತು. ನೀರಿನ ಟ್ಯಾಂಕಿನ ನೆರಳಿನಲ್ಲಿ ಕುರ್ಚಿ, ಕೈಯಲ್ಲಿ ಕೋಲು. ಅರೆ ಒಣಗಿದ ಸಂಡಿಗೆಯನ್ನು ಕದ್ದು ತಿನ್ನುವ ಸುಖದ ಮುಂದೆ ಕರಿದ ಸಂಡಿಗೆ ಏನೇನೂ ಅಲ್ಲ. ಕಾಗೆಗಳಿಗೂ ಇದು ಗೊತ್ತು. ಅವುಗಳ ಪಾಲನ್ನೂ ನಾನೇ ತಿಂದು, ಊಟ ಮುಗಿಸಿ ಬಂದು, ಕೂತಲ್ಲೇ ತೂಕಡಿಸಿದೆ.

ಗುಡುಗಿಗೆ ಎಚ್ಚರವಾಯಿತು. ನಾಗರಬಾವಿಯ ಕಡೆಯಿಂದ ಕಾಡಿಗೆಯಂಥ ಮೋಡ ಮೇಲೇರುತ್ತಿತ್ತು. ವಿದ್ಯಾವಂತನ ಮೊದಲ ಲಕ್ಷಣವೆಂದರೆ ಆಕಾಶವನ್ನು ನಂಬದಿರುವುದು. ಮೋಡ ದಾರಿ ತಪ್ಪಿ ಬಂದಿರಬೇಕೆಂದುಕೊಂಡು ಫೋನ್ ತೆಗೆದೆ. ಅಲ್ಲಿ ಸೂರ್ಯ ಇನ್ನೂ ಬೆಳಗುತ್ತಲೇ ಇದ್ದ. 'ನೋಡು, ಮಳೆ ಇಲ್ಲ' ಎಂದು ಮೋಡಕ್ಕೆ ತೋರಿಸುವುದೊಂದು ಬಾಕಿ. ಆಗ ಒಂದು ದಪ್ಪ ಹನಿ ನೇರವಾಗಿ ಆ ಸೂರ್ಯನ ಮೇಲೇ ಬಿತ್ತು. ಬೆರಳಿನಿಂದ ಒರೆಸಿದೆ. ಒರೆಸುವಾಗ ಮೇಲ್ಗಡೆ ಸಣ್ಣಕ್ಷರದಲ್ಲಿದ್ದ ಊರಿನ ಹೆಸರು ಕಣ್ಣಿಗೆ ಬಿತ್ತು.

ಅದು ವಿಜಯನಗರವಾಗಿರಲಿಲ್ಲ.

ಭೂಮಧ್ಯರೇಖೆಯ ಆಚೆಗಿನ ಹವಾಮಾನವನ್ನು ನಂಬಿ ನಾನು ಇಬ್ಬರು ಹೆಂಗಸರಿಂದ ಈಚೆ ಸಂಡಿಗೆ ಹಾಕಿಸಿದ್ದೆ! ಮಕ್ಕಳು ಭೂಪಟದಲ್ಲಿ ಊರನ್ನು ಒಂದಿಷ್ಟು ಆಚೀಚೆ ಗುರುತಿಸಿದರೂ ಅಂಕ ಕಳೆದವನು ನಾನು. "ವಿಮಲಾ! ಮಳೆ!" ಎಂದು ಅರಚಿದೆ.

ಅವಳು ಬಕೆಟ್ ಹಿಡಿದು ಓಡಿಬಂದಳು, ಹಿಂದೆಯೇ ಚೆನ್ನಮ್ಮನವರು ಕೊಡೆ ಹಿಡಿದು ಬಂದರು. ಅಷ್ಟರಲ್ಲಿ ಮಳೆ ಆಲಿಕಲ್ಲಿನ ಸಮೇತ ಸುರಿಯತೊಡಗಿತ್ತು. ಚಂದ್ರರೆಲ್ಲ ಕರಗಿ ಗಂಜಿಯಾಗುತ್ತಿದ್ದರು. ಮೋರಿಯ ಬಾಯಿಗೆ ಎಲೆ ಕಟ್ಟಿಕೊಂಡು ತಾರಸಿಯಲ್ಲಿ ನೀರು ಏರುತ್ತಿತ್ತು.

"ಮೋರಿ ಕ್ಲೀನ್ ಮಾಡ್ಸಿದ್ರೆ ಅರ್ಧನಾದ್ರೂ ಉಳೀತಿತ್ತು" ಎಂದು ವಿಮಲ ನೀರಿನ ಟ್ಯಾಂಕಿಗೆ ಹೇಳಿದಳು.

"ಮಳೆ ಬರಾಕಿಲ್ಲ ಅಂದೋರು ಯಾರ ಯಜಮಾನ್ರೋ" ಎಂದು ಚೆನ್ನಮ್ಮನವರು ಕೊಡೆಗೆ ಹೇಳಿದರು.

ಒಬ್ಬರನ್ನೊಬ್ಬರು ನೋಡದೆ ಟ್ಯಾಂಕಿನೊಂದಿಗೂ ಕೊಡೆಯೊಂದಿಗೂ ಮಾತಾಡುವುದೇ ಹೋದ ವರ್ಷದ ಜಗಳದ ಶೈಲಿ. ರಾಜಿ ಕಣ್ಣೆದುರೇ ಸಂಡಿಗೆಯ ಜೊತೆ ಕರಗುತ್ತಿತ್ತು, ತಪ್ಪು ಪೂರ್ತಿಯಾಗಿ ನನ್ನದಾಗಿತ್ತು. ನಿಜಕ್ಕೂ ಬಹಳ ಸಂಕಟವಾಯಿತು. ಟ್ಯಾಂಕಿನ ಆಚೆ ಬದಿಯ ಹಾಳೆಯನ್ನಾದರೂ ಉಳಿಸೋಣವೆಂದು ಓಡಿ, ಮಧ್ಯದಲ್ಲಿದ್ದ ಹಾಳೆಯ ಮೇಲೆ ಕಾಲಿಟ್ಟೆ.

ಬೆಂದ ಸಬ್ಬಕ್ಕಿಗೆ ಮಳೆನೀರು ಸೇರಿದರೆ ಎಂಥ ಜಾರಿಕೆ ಹುಟ್ಟುತ್ತದೆಂಬುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಹಾಳೆ ನನ್ನನ್ನು ಹೊತ್ತುಕೊಂಡೇ ಹೊರಟಿತು. ಬೆನ್ನಿಗೆ ಗಾಳಿ, ಅಡಿಯಲ್ಲಿ ನೀರು, ಮೋರಿಯ ಕಡೆಗೆ ಇಳಿಜಾರು. ನಮ್ಮ ಟ್ಯಾಂಕಿನ ಕಟ್ಟೆ ತಾರಸಿಯ ನಡುವಿಗೆ ಮೂಗಿನ ಹಾಗೆ ಚಾಚಿಕೊಂಡಿದೆ. ನೀರು ಆ ಮೂಗಿಗೆ ತಾಗಿ, ಒಂದೇ ಪಕ್ಕಕ್ಕೆ ತಿರುಗಿ ಹರಿಯುತ್ತಿತ್ತು. ನಾನೂ ತಿರುಗಿದೆ. ಮಂಡಿ ತಾನಾಗಿ ಬಾಗಿತು, ಕೈಗಳು ತಾವಾಗಿ ಅಗಲವಾದವು, ಪಂಚೆ ಪಟಪಟನೆ ಹಾರಿತು. ದೇವರಾಣೆ, ನಾನು ನಿಂತಿದ್ದೆ! ವಿಮಲಳನ್ನು ದಾಟಿದೆ, ಚೆನ್ನಮ್ಮನವರನ್ನು ದಾಟಿದೆ. ಅವರು ದಾರಿ ಬಿಟ್ಟು ಗೋಡೆಗೆ ಒರಗಿಕೊಂಡರು. ಕೊನೆಗೆ ಮೋರಿಯ ಬಾಯಿಯ ಮೇಲೆ ಕುಂಡಿಯೂರಿ ಕೂತೆ. ಆ ಪೆಟ್ಟಿಗೆ ಎಲೆಗಳ ಮುದ್ದೆ ಒಳಕ್ಕೆ ಜಾರಿಹೋಗಿ, ನಿಂತಿದ್ದ ನೀರೆಲ್ಲ ಗೊಳಗೊಳ ಎಂದು ಇಳಿಯತೊಡಗಿತು.

ಚೆನ್ನಮ್ಮನವರು, "ಅಯ್ಯೋ ಮೇಷ್ಟ್ರೇ, ಏಟಾಯ್ತಾ?" ಎಂದು ಕೇಳಲು ಹೋದರು. ಏಟು ಎಂಬಲ್ಲಿಗೇ ನಗು ಬಂದುಬಿಟ್ಟಿತು. ವಿಮಲ, "ಸೊಂಟ ಸರಿ ಇದೆಯೇನ್ರೀ?" ಎನ್ನುತ್ತ ಬಾಯಿಗೆ ಸೆರಗು ತುರುಕಿಕೊಂಡಳು. ಅದು ಸಾಲದೆ ಚೆನ್ನಮ್ಮನವರ ಭುಜ ಹಿಡಿದುಕೊಂಡಳು. ಕೊಡೆ ಎಲ್ಲೋ ಹಾರಿಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಮಳೆಯಲ್ಲಿ ನೆನೆಯುತ್ತ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಸೊಂಟ ಮುರಿದಂತಿದ್ದರೂ ನನಗೆ ತಡೆಯಲಾರದಷ್ಟು ಸಂತೋಷವಾಯಿತು.

"ಹೋಗ್ಲಿ ಬುಡಮ್ಮ" ಎಂದರು ಚೆನ್ನಮ್ಮನವರು, ಈ ಬಾರಿ ಕೊಡೆಗಲ್ಲ, ವಿಮಲಳಿಗೇ. "ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತಾರೆ. ಸಂಡಿಗೆ ಇನ್ನೊಂದಿನ ಹಾಕನ."

ಪಾತ್ರೆಯ ತಳದಲ್ಲಿ, ಹಾಕದೆ ಉಳಿದ ಸಬ್ಬಕ್ಕಿ ಒಂದಿಷ್ಟಿತ್ತು. ಸಂಜೆ ವಿಮಲ ಅದಕ್ಕೆ ಒಗ್ಗರಣೆ ಕೊಟ್ಟು, ನಿಂಬೆಹಣ್ಣು ಹಿಂಡಿ, ಶೆಲ್ಫಿನ ಮೇಲಿದ್ದ ಬಟ್ಟಲನ್ನು ತಿರುಗಿಸಿ ತೊಳೆದು ತುಂಬಿದಳು. ಕುಂಟುತ್ತ ಮೇಲೆ ಕೊಂಡೊಯ್ದವನು ನಾನೇ.

ಸಂಡಿಗೆಯನ್ನು ಆಮೇಲೆ ಇನ್ನೊಮ್ಮೆ ಹಾಕಿದರು, ಚೆನ್ನಾಗಿಯೇ ಒಣಗಿತು. ಮಳೆ ಬಂದೇ ಬರುತ್ತದೆಂದು ನಾನು ಹೇಳಿದ ದಿನವನ್ನೇ ಅದಕ್ಕೆ ಆರಿಸಿಕೊಂಡಿದ್ದರು. ಈಗ ಚೆನ್ನಮ್ಮನವರು ದಿನಾ ಬೆಳಿಗ್ಗೆ ಮೆಟ್ಟಿಲ ಮೇಲಿಂದ, "ಸಮುದ್ರ ಹೆಂಗೈತೆ ಮೇಷ್ಟ್ರೇ?" ಎಂದು ಕೇಳುತ್ತಾರೆ. ನಾನು ಬಿಸಿಲು ಎಂದರೆ ತಂತಿಯ ಮೇಲಿನ ಬಟ್ಟೆಯನ್ನು ಒಳಗೆ ತಂದುಕೊಳ್ಳುತ್ತಾರೆ.

ಅಲೆಯ ಬಗ್ಗೆ ನಾನು ಮಕ್ಕಳಿಗೆ ಹೇಳುತ್ತಿದ್ದ ಒಂದು ಮಾತಿದೆ. ಅಲೆಯ ಜೊತೆ ನೀರು ದೂರ ಹೋಗುವುದಿಲ್ಲ, ಇದ್ದಲ್ಲೇ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ, ದಡ ಮುಟ್ಟುವುದು ಅದರೊಳಗಿನ ಶಕ್ತಿ. ಪರೀಕ್ಷೆಗೆಂದು ಬಾಯಿಪಾಠ ಹೇಳಿಸಿದ್ದೆನೇ ಹೊರತು ನನಗೇ ಸರಿಯಾಗಿ ಅರ್ಥವಾಗಿರಲಿಲ್ಲ. ಈಗ ಕೂತು ಅಡುಗೆಮನೆಯ ಶೆಲ್ಫ್ ನೋಡುತ್ತೇನೆ. ಬಟ್ಟಲು ಅಲ್ಲಿಲ್ಲ, ಆ ನೀರಿನ ಹಾಗೆ ಮೇಲಕ್ಕೇರಿದೆ, ಇನ್ನು ಇಳಿಯಬೇಕು. ಆದ್ದರಿಂದ ಇಂದಿನ ಮುನ್ಸೂಚನೆ ಹೀಗಿದೆ: ಮೇಲಿನ ಮಹಡಿಯಿಂದ ಹಿತವಾದ ಗಾಳಿ, ಅದರಲ್ಲಿ ಬೆಳ್ಳುಳ್ಳಿಯ ಒಗ್ಗರಣೆ, ಮಧ್ಯಾಹ್ನದ ಊಟದ ಹೊತ್ತಿಗೆ ಮೆಟ್ಟಿಲಿನಲ್ಲಿ ಹುರುಳಿಕಾಳಿನ ಬಸ್ಸಾರು ಇಳಿದುಬರುವ ಸಂಭವ. ಈ ಸಲ ಊರಿನ ಹೆಸರನ್ನು ಎರಡು ಬಾರಿ ನೋಡಿಕೊಂಡೇ ಹೇಳುತ್ತಿದ್ದೇನೆ.