ಐದನೆಯ ಶಿವದಾರ

ಆ ಜ್ವರದ ವರ್ಷ ನನ್ನ ಇದ್ದೊಬ್ಬ ಮಗ ಹೋದ. ಗೋಕಾಕದ ಆಚೆ, ಘಟಪ್ರಭೆಯ ದಂಡೆಯ ಊರು ನಮ್ಮದು. ಓಣಿ ಓಣಿಗೆ ಹೆಣ ಹೊರಟಿದ್ದವು. ನಾನು ಅಳಲಿಲ್ಲ. “ಅತ್ತಬಿಡವಾ, ಎದಿ ಹಗರಾಗತೈತಿ” ಎಂದು ಬಂದವರೆಲ್ಲ ಬೆನ್ನು ತಟ್ಟಿದರು. ಅಳು ಏನು ಬಾವಿಯ ನೀರೇ, ಹಗ್ಗ ಬಿಟ್ಟು ಸೇದಲು? ರೊಟ್ಟಿ ಬಡಿದೆ, ಎಮ್ಮೆ ಹಿಂಡಿದೆ, ಕಸ ಹೊಡೆದೆ. ಹಂಚು ತಗಲಿ ಕೈ ಸುಟ್ಟರೂ ಒಮ್ಮೊಮ್ಮೆ ಗೊತ್ತಾಗುತ್ತಿರಲಿಲ್ಲ.

ಮಗಳಿಗೆ ಆಗ ಹದಿನಾಲ್ಕು ದಾಟಿತ್ತು. ಅವಳೂ ಒಣಗುತ್ತಿದ್ದಳು. ಅದು ನನಗೆ ಕಾಣಲಿಲ್ಲ, ನಮ್ಮ ಅತ್ತೆಗೆ ಕಂಡಿತು.

“ಹೋದಾಂವ ಹೋದ. ಇದ್ದಾಕಿನ್ನರೆ ಕಣ್ಣ ತೆರದ ನೋಡವಾ. ತಾಟಿನ್ಯಾಗಿನ ರೊಟ್ಟಿ ಎಮ್ಮಿಗೆ ಹಾಕಾಕತ್ತಾಳ.”

ಮರುದಿನ ನೋಡಿದೆ. ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ನಮ್ಮಲ್ಲಿ ಯಾರೂ ತುತ್ತು ಎತ್ತುವಂತಿಲ್ಲ. ಅವಳು ಗೋಡೆಗೆ ಮುಖ ಮಾಡಿ, ಮುಷ್ಟಿ ಬಿಗಿಹಿಡಿದು ಕೂತಿದ್ದಳು. ಬೆರಳು ಬಿಡಿಸಿದೆ. ಒಳಗೆ ಇದ್ದದ್ದು ಹೊಳೆಯ ಹರಳು.

“ಲಿಂಗಾ ಎಲ್ಲೈತಿ?”

ಆಗ ಬಾಯಿ ಬಿಟ್ಟಳು. ಲಿಂಗ ಕಟ್ಟಿಕೊಳ್ಳುವ ಶಿವದಾರ ಸವೆದಿದೆ, ಬದಲಿಸು ಎಂದು ನಾನು ಎಷ್ಟೋ ಸಲ ಹೇಳಿದ್ದೆ, ನಕ್ಕು ಓಡಿದ್ದಳು. ಹೊಳೆಯಲ್ಲಿ ಗೆಳತಿಯರ ಜೊತೆ ಈಜುವಾಗ ಅದು ಹರಿದು ಲಿಂಗ ನೀರುಪಾಲಾಗಿತ್ತು. ಲಿಂಗ ಕಳೆದುಕೊಂಡವರು ಜೀವ ಇಟ್ಟುಕೊಳ್ಳಬಾರದು ಎಂದು ಹಿರಿಯರು ಆಡುವುದನ್ನು ಕೇಳಿದವಳು, ಹೆದರಿ ಒಂದು ಹರಳನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದಳು. ಅದಾದ ಮೇಲೆಯೇ ಅವಳ ಅಣ್ಣನಿಗೆ ಜ್ವರ ಬಂದದ್ದು.

“ನನ್ನ ಜೀವದ ಬದಲಿ ಅಣ್ಣಂದು ಹೋತವ್ವಾ. ನಾ ಉಣ್ಣೂದಿಲ್ಲ. ನಾನೂ ಹೋಗತೇನಿ.”

ಎಷ್ಟೋ ದಿನಗಳ ಮೇಲೆ ನನಗೆ ಸಿಟ್ಟು ಬಂತು. ಒಬ್ಬನನ್ನು ಮಣ್ಣಿಗಿಟ್ಟು ಬಂದ ತಾಯಿಗೆ ಹೇಳುವ ಮಾತೇ ಇದು! ಕೈ ಎತ್ತಿದೆ. ಅವಳ ಕತ್ತು ಹಕ್ಕಿಮರಿಯ ಕತ್ತಿನಂತಾಗಿತ್ತು. ಕೈ ಇಳಿಸಿದೆ.

“ಹುಚ್ಚಿ, ಜ್ವರ ಊರ ತುಂಬ ಬಂದಿತ್ತು. ಊರ ಮಂದಿ ಎಲ್ಲಾ ಲಿಂಗಾ ಕಳಕೊಂಡಿದ್ರೇನ? ಸಾಬರ ಓಣ್ಯಾಗ ಲಿಂಗಾ ಕಟ್ಟಿದವರ ಯಾರ ಅದಾರ? ಅಲ್ಲೂ ಹೆಣಾ ಬೀಳಲಿಲ್ಲೇನ?”

ಅಷ್ಟು ಹೇಳಿದರೂ ಅವಳು ಉಣ್ಣಲಿಲ್ಲ. ಮೂಡಲಗಿಯಿಂದ ನಮ್ಮ ಮನೆತನದ ಅಯ್ಯನವರನ್ನು ಕರೆಸಿದೆವು. ಅವರು ಎಲ್ಲವನ್ನೂ ಅವಳ ಬಾಯಿಂದಲೇ ಕೇಳಿದರು.

“ದಾರ ಹರದದ್ದು ಅಲಕ್ಷ್ಯ. ಹರಳ ಕಟ್ಟಿದ್ದು ಸುಳ್ಳು. ಸಾಯೂವಂಥಾದ್ದು ಇದರಾಗ ಏನೂ ಇಲ್ಲ ಮಗಳ. ಹೊಸಾ ಲಿಂಗಾ ನಾ ಕೊಡತೇನಿ, ದಾರಾ ನೀನ ನೂಲಬೇಕ. ಬರೇ ನಿಂದಲ್ಲ, ಮನ್ಯಾಗಿನವರ ಎಲ್ಲಾರದೂ. ನಿನ್ನ ದಾರಾ ನಂಬಿ ಅವರು ಲಿಂಗಾ ಕಟ್ಟಿಕೊಳ್ಳಲಿ.”

ನಾನು ಹತ್ತಿ ಹಿಂಜಿಕೊಟ್ಟೆ. ಅವಳು ತಕಲಿ ಹಿಡಿದು ಕೂತಳು. ಮೊದಲ ದಾರ ಗಂಟುಗಂಟಾಯಿತು. ಇನ್ನೊಂದು ನಾನು ಎಳೆದ ಕೂಡಲೇ ತುಂಡಾಯಿತು. ಅವಳು ಅತ್ತಳು. “ಅಳಬ್ಯಾಡ, ಮತ್ತ ಹೊಸಿ” ಎಂದೆ. ನನ್ನ ದನಿ ಯಾರದೋ ದನಿಯಂತೆ ಕೇಳುತ್ತಿತ್ತು. ಹೊಸೆದಳು.

ಕೊನೆಗೆ ದಾರಗಳನ್ನು ತಂದು ನನ್ನ ಮುಂದೆ ಸಾಲಾಗಿ ಇಟ್ಟಳು. ಅತ್ತೆ, ಗಂಡ, ನಾನು, ಅವಳು: ಮನೆಯಲ್ಲಿ ನಾಲ್ಕು ಕೊರಳು. ದಾರ ಐದಿದ್ದವು. ಅವಳಿಗೂ ಆಗಲೇ ಹೊಳೆದು ಮುಖ ಬಿಳಿಚಿತು.

“ಅವ್ವಾ, ಮರತ ಅಣ್ಣಂದೂ ಹೊಸದಬಿಟ್ಟೇನಿ.”

ಮತ್ತೊಂದು ತಪ್ಪು ಮಾಡಿದವಳ ಹಾಗೆ ಅದನ್ನು ಬಚ್ಚಿಡಲು ಹೋದಳು. ನಾನು ಐದನೆಯದನ್ನು ಎತ್ತಿಕೊಂಡು ಎರಡೂ ಕೈಯಿಂದ ಜಗ್ಗಿದೆ. ಹರಿಯಲಿಲ್ಲ.

“ಗಟ್ಟಿ ಆಗೈತಿ. ಇದನ್ನ ನಾ ಕಟ್ಟಿಕೋತೇನಿ. ನೀ ಉಣ್ಣಾಕ ಕುಂದರ.”

ಅಯ್ಯನವರು ಅವಳಿಗೆ ಹೊಸ ಲಿಂಗ ಕಟ್ಟಿದರು. ಪೂಜೆ ಮುಗಿಸಿ, ನನ್ನ ಎದುರಿಗೇ ಕೂತು ರೊಟ್ಟಿ ಮುರಿದಳು. ನಾನು ಆ ದಾರವನ್ನು ಕೊರಳಿಗೆ ಸುತ್ತಿ ಗಂಟು ಹಾಕಲು ಹೋದೆ. ಗಂಟು ಕೂಡಲಿಲ್ಲ. ಮಗ ಹೋದಮೇಲೆ ಮೊದಲ ಸಲ, ಅವಳ ಮುಂದೆಯೇ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಗಂಟನ್ನು ಅವಳೇ ಎದ್ದು ಬಂದು ಹಾಕಿದಳು.