ಸೆರಗಿನಲ್ಲಿ ಕಟ್ಟಿ ತಂದ ಯ ಒತ್ತು

ಮಾವಶಿಯ ಬಲಗೈಯ ಎರಡು ಬೆರಳುಗಳ ತುದಿ ಸದಾ ಕಪ್ಪಗಿರುತ್ತಿತ್ತು. ಸೀಸದ ಅಚ್ಚುಮೊಳೆಗಳನ್ನು ಮುಟ್ಟಿ ಮುಟ್ಟಿ ಚರ್ಮದೊಳಗೇ ಇಳಿದುಹೋದ ಕಪ್ಪು, ಸಾಬೂನಿಗೆ ಹೋಗುವಂಥದ್ದಲ್ಲ. ಪ್ರೆಸ್ಸಿಗೆ ಬರುವ ಮೊದಲು ಅವರು ಬೀಡಿ ಕಟ್ಟುತ್ತಿದ್ದರಂತೆ. "ಆವಾಗ ಇವ ಬೆರಳ ತಂಬಾಕಿನಿಂದ ಹಳದಿ ಇದ್ದೂವು. ಈಗ ಕರೇ ಆಗ್ಯಾವ. ಬಣ್ಣ ಅಷ್ಟ ಬದಲಾತು," ಎಂದು ನಗುತ್ತಿದ್ದರು.

ನನಗೆ ಅವರು ಸಂಬಂಧಿಕರಲ್ಲ. ನಿಪ್ಪಾಣಿಯ ಬಸ್ ನಿಲ್ದಾಣದ ಹಿಂದಿನ ಓಣಿಯ ಆ ಪ್ರೆಸ್ಸಿನಲ್ಲಿ ಮಾಲಕರಿಂದ ಹಿಡಿದು ಎಲ್ಲರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ನಾನೂ ಕರೆದೆ. ಅಲ್ಲಿ ಅಚ್ಚಾಗುತ್ತಿದ್ದದ್ದು ಲಗ್ನಪತ್ರಿಕೆ, ಬೀಡಿ ಕಟ್ಟಿನ ಲೇಬಲ್ಲು, ಸೊಸಾಯಿಟಿಯ ನೋಟಿಸು. ಅದರಲ್ಲೂ ಹೆಚ್ಚಿನವು ಮರಾಠಿಯಲ್ಲಿ. ಕನ್ನಡ ಪುಸ್ತಕ ಅಚ್ಚು ಹಾಕಿಸಲು ಬಂದ ಮೊದಲನೆಯವಳು ನಾನು.

ಅಲ್ಲಿಗೆ ಹೋಗುವ ಮೊದಲು ಮಾಡಬೇಕಾದದ್ದನ್ನೆಲ್ಲ ಕ್ರಮವಾಗಿಯೇ ಮಾಡಿದ್ದೆ. ಧಾರವಾಡದಲ್ಲಿ ಎಂ.ಎ. ಮುಗಿಸಿ ಚಿಕ್ಕೋಡಿಯಲ್ಲಿ ಪಾಠ ಹೇಳುತ್ತಿದ್ದ ಕಾಲ, ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂಬತ್ತು ಕಥೆಗಳನ್ನು ಹಾಳೆಯ ಒಂದೇ ಮಗ್ಗುಲಿಗೆ ದುಂಡಗೆ ಪ್ರತಿ ಮಾಡಿ, ಉತ್ತರದ ಲಕೋಟೆಗೂ ಅಂಚೆಚೀಟಿ ಹಚ್ಚಿ, ಬೆಂಗಳೂರಿನ ಒಬ್ಬ ಪ್ರಕಾಶಕರಿಗೆ ರಿಜಿಸ್ಟರ್ ಮಾಡಿದ್ದೆ. ಮನೆಯಲ್ಲಿ ಕೂಡ ಹೇಳಿರಲಿಲ್ಲ. ಎಂಟು ತಿಂಗಳ ಮೇಲೆ ಕಾಗದ ಬಂತು. ಕಥೆಗಳು ಚೆನ್ನಾಗಿವೆ, ಆದರೆ ಪಾತ್ರಗಳ ಮಾತು ನಮ್ಮ ಓದುಗರಿಗೆ ತಿಳಿಯುವುದಿಲ್ಲ, ಎಲ್ಲರೂ ಒಪ್ಪುವ ಕನ್ನಡಕ್ಕೆ ತಿದ್ದಿಕೊಟ್ಟರೆ ಪ್ರಕಟಿಸುವ ಬಗ್ಗೆ ಯೋಚಿಸಬಹುದು.

ಕಾಗದ ಸೌಜನ್ಯದಿಂದಲೇ ಬರೆದದ್ದು. ಅದಕ್ಕೇ ಹೆಚ್ಚು ಉರಿಯಿತು. ನನ್ನ ಕಥೆಗಳಲ್ಲಿ ಮಾತಾಡುವವರು ನಾನು ಹುಟ್ಟಿದ ಬೋರಗಾಂವದ ಮಗ್ಗದ ಹೆಂಗಸರು. ಅವರ ಮಾತು ತೆಗೆದರೆ ಕಥೆಯಲ್ಲಿ ಮಗ್ಗದ ಸದ್ದಷ್ಟೇ ಉಳಿಯುತ್ತದೆ. ಉತ್ತರ ಬರೆಯಲಿಲ್ಲ. ಹಸ್ತಪ್ರತಿಯ ಕಟ್ಟು ತೆಗೆದುಕೊಂಡು ನಿಪ್ಪಾಣಿಯ ಬಸ್ಸು ಹತ್ತಿದೆ.

ಮಾವಶಿ ಮೊದಲ ಹಾಳೆಯನ್ನು ಎದುರಿಗಿಟ್ಟುಕೊಂಡು, ಮರದ ಪೆಟ್ಟಿಗೆಯ ಖಾನೆಗಳತ್ತ ನೋಡದೆಯೇ ಮೊಳೆ ಆರಿಸಿ ಜೋಡಿಸುತ್ತ ಹೋದರು. ಓದುತ್ತಿದ್ದಾರೋ ಇಲ್ಲವೋ ಮುಖದಿಂದ ಗೊತ್ತಾಗಲಿಲ್ಲ. ಪುಟ ಮುಗಿದಾಗ ತಾವಾಗಿಯೇ ನಕ್ಕರು. "ಈ ಸೊಸಿ ತನ್ನ ಅತ್ತೀಗೆ ಬರೋಬ್ಬರಿ ಹೇಳ್ಯಾಳ ನೋಡು." ನನ್ನ ಕಥೆ ಓದಿ ನಕ್ಕ ಮೊದಲ ಮನುಷ್ಯರು ಅವರು.

ಮೂರನೆಯ ಕಥೆಗೆ ಕೆಲಸ ನಿಂತಿತು. ಆ ಕಥೆ ತುಂಬ ಬರೀ ಮಾತು. ಎಂಟು ಪುಟಗಳ ಮೊಳೆ ಒಟ್ಟಿಗೆ ಜೋಡಿಸಿ ಅಚ್ಚಿಗೆ ಕೊಡಬೇಕು. ಐದನೆಯ ಪುಟಕ್ಕೇ ಯ ಒತ್ತಿನ ಖಾನೆ ಬರಿದಾಯಿತು. ಹೋಗ್ಯಾರ, ಮಾಡ್ಯಾನ, ಕೇಳ್ಯಾಳ: ನಮ್ಮ ಮಾತಿಗೆ ಹೆಜ್ಜೆಗೊಂದು ಯ ಒತ್ತು ಬೇಕು. ಮೊಳೆ ಎರಕ ಹೊಯ್ದವರು ಪುಸ್ತಕದ ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡು ಯ ಒತ್ತನ್ನು ಒಂದು ಹಿಡಿಯಷ್ಟೇ ಕೊಟ್ಟಿದ್ದರು.

ಮಾಲಕರು ಒಳ್ಳೆಯವರು, ಸ್ವಲ್ಪ ಅವಸರದವರು. "ಅಕ್ಕಾರ, ಹೋಗ್ಯಾರ ಅನ್ನೂದನ್ನ ಹೋಗಿದ್ದಾರೆ ಅಂತ ಮಾಡಿಬಿಡ್ರಿ. ದ ಒತ್ತು ಬೇಕಾದಷ್ಟ ಅದಾವ. ಅರ್ಥ ಏನ ಬದಲಾಗತೈತ್ರಿ?"

ಬೆಂಗಳೂರಿನ ಕಾಗದಕ್ಕೆ ಮಣಿಯದವಳು ಒಂದು ಖಾಲಿ ಖಾನೆಗೆ ಮಣಿದೆ. ಎದುರು ನಿಂತು ವಾದಿಸುವುದು ನನಗೆ ಬರುವುದಿಲ್ಲ. ಬೆಂಚಿನ ಮೇಲೆ ಕೂತು ಕೆಂಪು ಪೆನ್ನು ತೆಗೆದು ತಿದ್ದತೊಡಗಿದೆ. ಅರ್ಧ ಪುಟ ಆಗಿರಬೇಕು, ಮಾವಶಿ ಬಂದು ಹಾಳೆ ಎತ್ತಿಕೊಂಡು ಗಟ್ಟಿಯಾಗಿ ಓದಿದರು.

"'ನಮ್ಮ ಮನೆಯವರು ಕೆಲಸಕ್ಕೆ ಹೋಗಿದ್ದಾರೆ.' ಯಾರವಾ ಈಕಿ?"

"ಆಕೀನರಿ, ಮಗ್ಗದಾಕಿ."

"ಮಗ್ಗದಾಕಿ ಎಲ್ಲಿಂದ ಬಂದಳು? ಈಕಿ ರೇಡಿಯೋದಾಗ ವಾರ್ತಾ ಓದಾಕಿ. ನಿನ್ನಿ ತನಕ ನನ್ನ ಜೋಡಿ ಮಾತಾಡಾಕತ್ತಿದ್ದಳಲ್ಲ, ಆಕಿ ಎತ್ತ ಹೋದಳು?"

"ಮೊಳಿ ಇಲ್ಲಂತಾರಲ್ರಿ, ಮಾವಶಿ."

"ಮೊಳಿ ಇಲ್ಲಂದ್ರ ಮೊಳಿ ತರಬೇಕು. ಆಕಿ ಬಾಯಿ ಕೀಳತೀಯೇನ?"

ಪೆನ್ನನ್ನು ನನ್ನ ಕೈಯಿಂದ ಕಸಿದು ತಮ್ಮ ತುರುಬಿಗೆ ಸಿಗಿಸಿಕೊಂಡು ಹೋದರು. ಅದನ್ನು ಮತ್ತೆ ಕೊಡಲೇ ಇಲ್ಲ.

ಆ ರವಿವಾರ ಅವರು ರಾಯಬಾಗಕ್ಕೆ ಹೋದರು. ಅಲ್ಲಿ ಮುಚ್ಚಿಹೋದ ಒಂದು ಪ್ರೆಸ್ಸಿನವರ ಗುರುತಿತ್ತು. ಸೋಮವಾರ ಬಂದವರೇ ಸೆರಗಿನ ಗಂಟು ಬಿಚ್ಚಿ ಖಾನೆಗೆ ಸುರಿದರು. ಎಲ್ಲವೂ ಯ ಒತ್ತು. ಮಾಲಕರು ಒಂದನ್ನು ಬೆಳಕಿಗೆ ಹಿಡಿದು ನೋಡಿದರು.

"ಇವು ನಮ್ಮ ಅಚ್ಚಿನವಲ್ಲ ಮಾವಶಿ. ದಪ್ಪ ಅದಾವ. ಓದವರ ಕಣ್ಣಿಗೆ ಹೊಡೀತಾವ."

"ಹೊಡೀಲಿ. ಹೊಡದ್ರನ ನೋಡ್ತಾರ."

ಹೊಡೆದವು. ಇಂದು ಆ ಪುಸ್ತಕ ತೆರೆದರೂ ಮೂರನೆಯ ಕಥೆಯ ನಡುವಿನಿಂದ ಮುಂದೆ ಎಷ್ಟೋ ಯ ಒತ್ತುಗಳು ಒಂದು ನೂಲು ದಪ್ಪವಾಗಿ, ಒಂದು ನೂಲು ಕೆಳಗಿಳಿದು ನಿಂತಿವೆ. ಮುದ್ರಣ ಒರಟಾಗಿದೆ ಎಂದು ಮುಂದೆ ಒಬ್ಬ ವಿಮರ್ಶಕರು ಬರೆದರು. ಅದು ನನಗೆ ಬೈಗುಳ ಎನ್ನಿಸಲಿಲ್ಲ.

ಹೆಸರಿನ ಪುಟವನ್ನು ಎಲ್ಲಕ್ಕೂ ಕೊನೆಗೆ ಜೋಡಿಸಿದರು. ಪ್ರಕಾಶಕರು ಎನ್ನುವ ಕಡೆ ಯಾರ ಹೆಸರು ಹಾಕಲಿ ಎಂದು ಕೇಳಿದರು. ಒಂದೇ ಪುಟದಲ್ಲಿ ನನ್ನ ಹೆಸರು ಎರಡು ಸಲ ಬರುವುದು ಸಂಕೋಚವಾಗಿ, ಯಾವುದಾದರೂ ಪ್ರಕಾಶನದ ಹೆಸರು ಹುಟ್ಟಿಸೋಣ ಎಂದೆ.

"ಯಾಕ? ಬರದಾಕಿ ನೀನ, ಹೊರಗ ತರಾಕಿ ನೀನ. ಇಲ್ಲದವರ ಬೆನ್ನ ಹಿಂದ ಯಾಕ ಅಡಗತಿ?"

ಮಾತು ಮುಗಿಯುವುದರೊಳಗೆ ನನ್ನ ಹೆಸರು ಎರಡು ಕಡೆ ಕೂತಿತ್ತು. ಅಕ್ಷರ ಜೋಡಿಸಿದವರು ಎಂದು ನಿಮ್ಮ ಹೆಸರೂ ಇರಲಿ ಎಂದೆ. ಅವರು ಕರಿ ಬೆರಳು ಅಲ್ಲಾಡಿಸಿದರು.

"ನಂದ್ಯಾಕ? ನಾ ಮುಟ್ಟಲಾರದ ಒಂದ ಅಕ್ಷರ ಐತೇನ ಇದರಾಗ? ತೋರಸು."

ಇರಲಿಲ್ಲ.

ಪುಸ್ತಕದ ಕಟ್ಟು ಹೊತ್ತು ಅಥಣಿ, ಕಾಗವಾಡದ ವಾಚನಾಲಯಗಳಿಗೆ ನಾನೇ ಅಲೆದೆ. ಬೋರಗಾಂವಕ್ಕೆ ಮಾತ್ರ ಮಾವಶಿ ಜೊತೆಗೆ ಬಂದರು. ಕರೆಂಟು ಹೋಗಿ ಮಗ್ಗಗಳು ನಿಂತ ಹೊತ್ತಿನಲ್ಲಿ ಹೆಂಗಸರನ್ನು ಕೂಡಿಸಿ ಮೂರನೆಯ ಕಥೆ ಓದಿದರು. ನಡುವೆಯೇ ಒಬ್ಬಳು ಎದ್ದು ನನ್ನನ್ನು ದುರುಗುಟ್ಟಿ ನೋಡಿದಳು. "ಇದನ್ನ ನಿಮಗ ಯಾರ ಹೇಳ್ಯಾರ? ಇದು ನಮ್ಮ ಮನಿ ಮಾತು!" ಬೆಂಗಳೂರಿನ ಕಾಗದದ ಸುದ್ದಿಯನ್ನು ನನ್ನಿಂದ ಕೇಳಿದ್ದ ಮಾವಶಿ ನನ್ನ ಪಕ್ಕೆಗೆ ತಿವಿದರು. "ನೋಡು, ತಿಳಿತಂತ ಓದುಗರಿಗೆ."

ತೊಂಬತ್ತರ ದಶಕದ ನಡುವೆ ಪ್ರೆಸ್ಸಿಗೆ ಕಂಪ್ಯೂಟರ್ ಬಂತು. ಮೊಳೆಗಳನ್ನೆಲ್ಲ ಕರಗಿಸಲು ಒಯ್ದರು. ಮಾವಶಿ ಮನೆಯಲ್ಲಿ ಕೂತರು, ಮರುವರ್ಷವೇ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದಾಗ ಮಣ್ಣು ಆಗಿಹೋಗಿತ್ತು.

ಅದಾದ ಕೆಲವು ತಿಂಗಳಿಗೆ ಬೆಂಗಳೂರಿನ ಅದೇ ಪ್ರಕಾಶಕರ ಕಾಗದ ಬಂತು. ಪುಸ್ತಕವನ್ನು ಮರುಮುದ್ರಿಸುತ್ತೇವೆ, ಮಾತು ಇದ್ದ ಹಾಗೇ ಇರಲಿ ಎಂದು ಬರೆದಿದ್ದರು. ಒಪ್ಪಿದೆ. ಪ್ರೂಫು ಬಂತು, ಅಕ್ಷರಗಳು ಒಂದೇ ಸಮ, ಚೊಕ್ಕ. ಮೂರನೆಯ ಕಥೆಯಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ಅಲ್ಲಲ್ಲಿ ತಿದ್ದಿದ್ದರು. ನಮ್ಮ ಮನೆಯವರು ಕೆಲಸಕ್ಕೆ ಹೋಗಿದ್ದಾರೆ. ರೇಡಿಯೋದಾಕೆ ಮತ್ತೆ ಬಂದು ಕೂತಿದ್ದಳು.

ಮಾವಶಿ ಕಸಿದುಕೊಂಡ ದಿನದಿಂದ ನನ್ನ ಬರಹದ ಮೇಲೆ ನಾನು ಕೆಂಪು ಪೆನ್ನು ಆಡಿಸಿರಲಿಲ್ಲ. ಅಂದು ಪೇಟೆಗೆ ಹೋಗಿ ಒಂದು ಹೊಸದು ತಂದೆ. ತಿದ್ದಿದ್ದನ್ನೆಲ್ಲ ಹೊಡೆದುಹಾಕಿ ಅಂಚಿನಲ್ಲಿ ಒಂದೊಂದಾಗಿ ಯ ಒತ್ತು ಬರೆದೆ, ಬೇಕೆಂದೇ ದಪ್ಪಗೆ. ಜೊತೆಗೆ ಒಂದೇ ಸಾಲಿನ ಕಾಗದ ಇಟ್ಟೆ: ಒಂದು ಒತ್ತು ಕಡಿಮೆಯಾದರೂ ಪುಸ್ತಕ ವಾಪಸು ಕಳಿಸಿ, ಅಚ್ಚು ಹಾಕಿಸುವುದು ನನಗೆ ಗೊತ್ತಿದೆ.