ನನಗಾಗಿ ಇಟ್ಟ ಬೇರೆ ಜಾಲರಿ

ಕಿಲೆಲೆಶ್ವಾ ಬಡಾವಣೆಯ ನಮ್ಮ ಫ್ಲ್ಯಾಟಿನ ಗೇಟಿನಾಚೆ ಒಬ್ಬ ಹೆಂಗಸು ಸಂಜೆ ನಾಲ್ಕಕ್ಕೆಲ್ಲ ಇದ್ದಿಲೊಲೆ ಹಚ್ಚಿ ಮುಸುಕಿನ ಜೋಳ ಸುಡುತ್ತಾಳೆ. ಹೋದ ವಾರ ವಾಕಿಂಗ್ ಮುಗಿಸಿ ಬರುವಾಗ ಆ ವಾಸನೆ ಮೂಗಿಗೆ ಬಡಿಯಿತು. ಯಾರಿಗಾದರೂ ಬಾಯಲ್ಲಿ ನೀರೂರಬೇಕು. ನಾನು ಮೂಗು ಮುಚ್ಚಿಕೊಂಡು ಗೇಟಿನೊಳಗೆ ನುಗ್ಗಿದೆ. ನಮ್ಮ ಹಳೆಯ ಸಾಹೇಬರು ತೀರಿಕೊಂಡ ಸುದ್ದಿ ಬಂದು ಆಗ ಎರಡೇ ದಿನವಾಗಿತ್ತು...

ಇಲ್ಲಿನ ಬಾಡಿಗೆ ವ್ಯಾನುಗಳಾದ ಮಟಾಟುಗಳಿಗೆಲ್ಲ ಸರ್ಕಾರ ಹಳದಿ ಪಟ್ಟೆ ಬಳಿಸಿದ ಕಾಲ ಅದು, ಇಪ್ಪತ್ತು ವರ್ಷದ ಹಿಂದೆ. ನಾನು ಮೈಸೂರಿನಿಂದ ಪೂರ್ವ ಆಫ್ರಿಕಾದ ಈ ಊರಿಗೆ ಬಂದು ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಆಗಿದ್ದೆ. ಔಷಧಿಯ ಪ್ಲಾಸ್ಟಿಕ್ ಬಾಟಲಿ, ಮುಚ್ಚಳ ಮಾಡುತ್ತಿದ್ದೆವು. ಗುಜರಾತಿ ಸೇಠರಿಂದ ಆ ಫ್ಯಾಕ್ಟರಿಯನ್ನು ಕೊಂಡವರು ಈ ಸಾಹೇಬರು, ದಕ್ಷಿಣ ಆಫ್ರಿಕಾದ ಆಫ್ರಿಕಾನರ್. ಡಚ್ ಮೂಲದ ಬಿಳಿಯರು. ಅಲ್ಲಿ ಸರ್ಕಾರ ಬದಲಾದ ಮೇಲೆ ಅವರಲ್ಲಿನ ದುಡ್ಡಿದ್ದವರು ಗಂಟು ಹಿಡಿದು ಉತ್ತರಕ್ಕೆ ಬಂದು, ಕಂಡ ಫ್ಯಾಕ್ಟರಿಗಳನ್ನೆಲ್ಲ ಕೊಳ್ಳುತ್ತಿದ್ದರು.

ಸಾಹೇಬರಿಗೆ ತಮ್ಮ ಕಥೆ ಹೇಳುವುದೆಂದರೆ ಪ್ರಾಣ. ಅಪ್ಪ ರೈಲ್ವೆ ಕೂಲಿ. ಪೇಟೆಯಲ್ಲಿ ಇವರ ಭಾಷೆ ಆಡಿದರೆ ಇಂಗ್ಲಿಷ್ ಅಂಗಡಿಯವರು ನಗುತ್ತಿದ್ದರಂತೆ. ಚರ್ಚಿನ ಹೆಂಗಸರು ಚಿಲ್ಲರೆ ಕೂಡಿಸಿ ತಮ್ಮವರದೇ ಒಂದು ಬ್ಯಾಂಕು ಮಾಡಿಕೊಂಡರಂತೆ. ಅಲ್ಲಿಂದ ಸಾಲ ತೆಗೆದು ಒಂದು ಮೆಷಿನ್ನಿನಿಂದ ಶುರು ಮಾಡಿ, ಈಗ ಐದು ದೇಶಗಳಲ್ಲಿ ಫ್ಯಾಕ್ಟರಿ. 'ನಮಗೆ ಯಾರೂ ಏನೂ ಕೊಡಲಿಲ್ಲ' ಎನ್ನುತ್ತಿದ್ದರು. ನಡುವೆ ಅವರ ಜನರದೇ ಪಾರ್ಟಿ ಗದ್ದುಗೆ ಏರಿ, ಸರ್ಕಾರಿ ಕಂಟ್ರಾಕ್ಟುಗಳು ಅವರ ಜನರಿಗೇ ಸಿಕ್ಕಿ, ಕರಿಯರಿಗೆ ಊರೊಳಗೆ ಓಡಾಡಲೂ ಪಾಸು ಬೇಕಿದ್ದ ನಲವತ್ತು ವರ್ಷಗಳನ್ನು ಮಾತ್ರ ಒಂದೇ ಉಸಿರಿನಲ್ಲಿ ದಾಟಿಬಿಡುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಮೇಷ್ಟರ ಮಗ ನಾನು, ಕಷ್ಟಪಟ್ಟು ಮೇಲೆ ಬಂದವರೆಂದರೆ ಕರಗಿಹೋಗುತ್ತಿದ್ದೆ.

ಫ್ಯಾಕ್ಟರಿಯನ್ನು ನಿಜವಾಗಿ ನಡೆಸುತ್ತಿದ್ದವರು ನಮ್ಮ ಫೋರ್‌ಮನ್. ಮಕುವೇನಿ ಜಿಲ್ಲೆಯ ಕಡೆಯವರು, ಇಲ್ಲಿನ ಕರಿಯರು. ಹಿರಿಯರೆಂದು ಎಲ್ಲರೂ 'ಮ್ಜೇ' ಎನ್ನುತ್ತಿದ್ದರು, ನಾನೂ. ಇಪ್ಪತ್ತೆರಡು ವರ್ಷದ ಸರ್ವಿಸ್. ಮೆಷಿನ್ನಿನ ಮೇಲೆ ಅಂಗೈ ಇಟ್ಟು, ಅಚ್ಚು ಎಲ್ಲಿ ಕಚ್ಚಿದೆ ಎಂದು ಹೇಳುತ್ತಿದ್ದರು. ನಾನು ಬಂದ ಹೊಸದರಲ್ಲಿ ಒಂದು ಹೊಸ ಅಚ್ಚನ್ನು ಹಾಳುಮಾಡಿದಾಗ ತಪ್ಪು ತಮ್ಮದೆಂದು ಸೇಠರ ಮುಂದೆ ನಿಂತವರು ಅವರೇ.

ವರ್ಕ್ಸ್ ಮ್ಯಾನೇಜರ್ ಜಾಗ ಖಾಲಿಯಾದಾಗ ಅದು ಮ್ಜೇಗೇ ಎಂದು ಗೇಟು ಕಾಯುವ ಆಸ್ಕಾರಿಯಿಂದ ಹಿಡಿದು ಎಲ್ಲರೂ ಅಂದುಕೊಂಡಿದ್ದರು. ಅವರೂ ಅಂದುಕೊಂಡಿದ್ದರು. ಮಗಳ ಮದುವೆಗೆ ಹೊಲಿಸಿದ್ದ ಕೋಟನ್ನು ಡ್ರೈ ಕ್ಲೀನಿಂಗಿಗೆ ಕೊಟ್ಟಿದ್ದರು.

ಆ ಶನಿವಾರ ಮಧ್ಯಾಹ್ನ ಸಾಹೇಬರು ಸಿರಿವಂತರ ಬಡಾವಣೆ ರುಂಡಾದ ತಮ್ಮ ಮನೆಗೆ ನಮ್ಮನ್ನೆಲ್ಲ ಕರೆದರು. ಅಂಗಳದಲ್ಲಿ ಬೆಂಕಿ ಹಾಕಿ ಮಾಂಸ ಸುಡುವ ಊಟ, ಅವರ ಭಾಷೆಯಲ್ಲಿ ಬ್ರಾಯ್. ನಾನೂ ನನ್ನ ಹೆಂಡತಿಯೂ ಸಸ್ಯಾಹಾರಿಗಳೆಂದು ಅವರಿಗೆ ಗೊತ್ತಿತ್ತು. ಹೋಗಿ ನೋಡಿದರೆ, ಹತ್ತು ಹೆಜ್ಜೆ ದೂರದಲ್ಲಿ ನಮಗೆಂದೇ ಬೇರೆ ಒಲೆ, ಹೊಸ ಜಾಲರಿ, ಬೇರೆ ಇಕ್ಕಳ. 'ಇದಕ್ಕೆ ಮಾಂಸ ಸೋಕಿಲ್ಲ' ಎಂದು ತಾವೇ ನಿಂತು ಜೋಳ ಸುಟ್ಟುಕೊಟ್ಟರು. ನಾನು ಉಬ್ಬಿಹೋದೆ. ಸೇಠರ ಮನೆಯಲ್ಲೂ ನಮಗೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ ಎಂದು ನನ್ನ ಹೆಂಡತಿಯ ಕಿವಿಯಲ್ಲಿ ಹೇಳಿದೆ.

ಮ್ಜೇ ಕೂಡ ಬಂದಿದ್ದರು, ಆ ಕೋಟು ಹಾಕಿಕೊಂಡು. ಹತ್ತು ನಿಮಿಷದಲ್ಲಿ ಯಾರೋ ಅವರ ಕೈಗೆ ದೊಡ್ಡ ಒಲೆಯ ಇಕ್ಕಳ ಕೊಟ್ಟರು. ಊಟ ಮುಗಿಯುವ ತನಕ ಅವರು ಹೊಗೆಯಲ್ಲಿ ನಿಂತು ಎಲ್ಲರ ಮಾಂಸ ತಿರುವಿದರು. ನನಗೇನೂ ವಿಚಿತ್ರವೆನಿಸಲಿಲ್ಲ. ಹೇಗೆ ಅನಿಸೀತು? ನಮ್ಮ ಮನೆಯಲ್ಲೂ ಕೆಲಸದವಳ ಲೋಟ ಸಿಂಕಿನ ಕೆಳಗೆ ಬೇರೆ ಇತ್ತು. ಬೇರೆ ಇಡುವುದರಲ್ಲಿ ಸಾಹೇಬರಿಗೂ ನಮಗೂ ಒಳ್ಳೆ ಪಳಗಿದ ಕೈ. ನನ್ನ ಪಾಲಿಗೆ ಬಂದದ್ದನ್ನು ಮರ್ಯಾದೆ ಎಂದುಕೊಂಡೆ, ಅಷ್ಟೇ.

ಜೋಳಕ್ಕೆ ನಿಂಬೆಹಣ್ಣು ಹಿಂಡುತ್ತ ಸಾಹೇಬರು ಮೆಲ್ಲಗೆ ಕೇಳಿದರು: "ಮ್ಯಾನೇಜರ್ ಕೆಲಸ ಮ್ಜೇ ಕೈಯಲ್ಲಿ ಆಗುತ್ತಾ? ನೀವು ದಿನಾ ನೋಡ್ತೀರಿ, ಹೇಳಿ."

ಆಗುತ್ತೆ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಅದರ ಬದಲು, "ಕೆಲಸದಲ್ಲಿ ಚಿನ್ನ ಸರ್. ಆದ್ರೆ ರಿಪೋರ್ಟು, ಬಜೆಟ್ಟು ಅಂದ್ರೆ... ಸ್ವಲ್ಪ ಟೈಮ್ ಬೇಕಾಗಬಹುದೇನೋ" ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಹಾಗೆ ಮಾತಾಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ.

ಮುಂದಿನ ವಾರ ಕೆಲಸ ನನಗೆ ಸಿಕ್ಕಿತು. ಮ್ಜೇ ಬಂದು ಎರಡೂ ಕೈಯಿಂದ ನನ್ನ ಕೈ ಹಿಡಿದು "ಹೊಂಗೆರಾ" ಎಂದು ಅಭಿನಂದಿಸಿದರು. ಆಮೇಲೆ ಕೈ ಬಿಡದೆ ಕೇಳಿದರು: "ನನ್ನ ಹೆಸರು ಬಂದಾಗ ನೀವೇನಾದರೂ ಹೇಳಿದಿರಾ?"

"ಹೇಳಿದೆ ಮ್ಜೇ. ಅವರು ಕೇಳಲಿಲ್ಲ."

"ಅಸಾಂಟೆ, ಉಪಕಾರವಾಯಿತು" ಎಂದರು. ಅವರ ಕಣ್ಣು ತುಂಬಿತ್ತು... ಮೂರು ತಿಂಗಳಲ್ಲಿ ಕೆಲಸ ಬಿಟ್ಟು ಊರಿಗೆ ಹೋದರು. ಹೋಗುವ ದಿನ ಅಂಗಳದಲ್ಲಿ ನಿಂತು, ಬೋಯರ್ ಬಿಳಿಯ ತನ್ನ ಬುದ್ಧಿ ಬಿಡುವುದಿಲ್ಲ, ಎಂಜಿನಿಯರ್ ಒಬ್ಬರೇ ನನ್ನ ಪರ ಮಾತಾಡಿದರು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ಪ್ರತಿ ವರ್ಷ, ತಪ್ಪದೆ, ಮಕುವೇನಿ ಬಸ್ಸಿನಲ್ಲಿ ನನಗೆ ಒಂದು ಚೀಲ ಮಾವಿನಹಣ್ಣು ಕಳಿಸುತ್ತಿದ್ದರು. "ಪಾಪ, ನಿಮ್ಮ ಮೇಲೆ ಎಷ್ಟು ಅಭಿಮಾನ ರೀ ಅವರಿಗೆ" ಎನ್ನುತ್ತ ನನ್ನ ಹೆಂಡತಿ ಹಣ್ಣು ಹೆಚ್ಚುತ್ತಿದ್ದಳು. ನಾನು ಒಂದು ವರ್ಷವೂ ಬೇಡವೆನ್ನಲಿಲ್ಲ. ಆರು ವರ್ಷದ ಹಿಂದೆ ಹಣ್ಣು ಬರಲಿಲ್ಲ. ವಿಚಾರಿಸಿದರೆ, ಮ್ಜೇ ಹೋಗಿಬಿಟ್ಟಿದ್ದರು.

ಸಾಹೇಬರು ಸತ್ತ ದಿನದಿಂದ ನಮ್ಮ ಹಳೆಯ ಫ್ಯಾಕ್ಟರಿಯವರ ವಾಟ್ಸಾಪ್ ಗುಂಪಿನಲ್ಲಿ ಜಗಳ. ಒಂದು ಕಡೆಯವರಿಗೆ ಅವರು ಐನೂರು ಸಂಸಾರಗಳಿಗೆ ಅನ್ನ ಕೊಟ್ಟ ಧಣಿ. ಇನ್ನೊಂದು ಕಡೆಯವರಿಗೆ ಹಳೆಯ ಪಾಪದ ದುಡ್ಡಿನಲ್ಲಿ ಬೆಳೆದು, ಆ ಬುದ್ಧಿಯನ್ನು ಇಲ್ಲಿಗೂ ಹೊತ್ತು ತಂದವನು. ಅದಕ್ಕೆ ಸಾಕ್ಷಿ ಮ್ಜೇ ಕಥೆ. 'ನೀವು ಅಲ್ಲೇ ಇದ್ದಿರಲ್ಲ, ಹೇಳಿ ಸರ್' ಎಂದು ಒಬ್ಬ ಹುಡುಗಿ ಬರೆದಿದ್ದಳು. 'ಆತ್ಮಕ್ಕೆ ಶಾಂತಿ ಸಿಗಲಿ' ಎಂದಷ್ಟೇ ಬರೆದೆ.

ನಿನ್ನೆ ಸಾಹೇಬರ ಸೆಕ್ರೆಟರಿಯಾಗಿದ್ದ ಗೋವಾದ ಹೆಂಗಸು ಫೋನ್ ಮಾಡಿದ್ದರು. ವಯಸ್ಸಾಗಿದೆ, ಮಾತು ನಿಲ್ಲುವುದಿಲ್ಲ. ಬ್ರಾಯ್ ಊಟದ ಹಿಂದಿನ ದಿನ, ಶುಕ್ರವಾರ, ಸಾಹೇಬರು ಮ್ಜೇ ಹೆಸರಿಗೇ ಮ್ಯಾನೇಜರ್ ಆರ್ಡರ್ ಟೈಪ್ ಮಾಡಿಸಿದ್ದರಂತೆ. ಸೋಮವಾರ ಬೆಳಿಗ್ಗೆ ಅದನ್ನು ಹರಿದು ಹಾಕಿ, ನನ್ನ ಹೆಸರು ಹಾಕಲು ಹೇಳಿದರಂತೆ. "ಯಾಕೋ ಕಾಣೆ" ಎಂದರು. ಮ್ಜೇಯ ಇಪ್ಪತ್ತೆರಡು ವರ್ಷದ ದುಡಿಮೆಯನ್ನು ಅಳಿಸಲು ಸಾಹೇಬರಿಗೆ ನನ್ನ ಒಂದು 'ಆದ್ರೆ' ಸಾಕಾಗಿತ್ತು. ಕಾಯುತ್ತಿದ್ದರೇನೋ ಅದಕ್ಕೇ, ಯಾರಿಗೆ ಗೊತ್ತು. ಆದರೆ ಅದನ್ನು ಕೊಟ್ಟವನು ನಾನು.

ಈಗ ಯಾರ ಹತ್ತಿರ ಹೋಗಿ ಹೇಳಲಿ? ಒಬ್ಬರ ಕೆಲಸ ಕಿತ್ತುಕೊಂಡೆ. ಆ ಪಾಪವನ್ನು ಪೂರ್ತಿ ಇನ್ನೊಬ್ಬರ ತಲೆಗೆ ಕಟ್ಟಿದೆ. ಇಬ್ಬರೂ ನನ್ನನ್ನು ಒಳ್ಳೆಯವನೆಂದುಕೊಂಡೇ ಸತ್ತರು.